ನಾಣ್ಯಕ್ಕೆ ವಾಸನೆಯುಂಟೆ?

ಕ್ರಿ.ಶ. 69 ರಿಂದ 79 ರವರೆಗೆ ರೋಮ್ ಸಾಮ್ರಾಜ್ಯವನ್ನಾಳಿದ ವೆಸ್ಪಾಸಿಯನ್ ಚಕ್ರವರ್ತಿಯ ಬಗೆಗೆ ಸುಯೆಟೋನಿಯಸ್ ಎಂಬ ರೋಮನ್ ಚರಿತ್ರಕಾರನು ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಬೊಕ್ಕಸ ಬರಿದಾಗಿದ್ದ ಕಾಲವದು. ಅರಸನು ಸಾರ್ವಜನಿಕ ಮೂತ್ರಾಲಯಗಳ ಮೇಲೂ ತೆರಿಗೆ ವಿಧಿಸಿದನು. ಮಗನಾದ ಟೈಟಸನಿಗೆ ಇದು ಹೇಸಿಗೆಯೆನಿಸಿತು. ಅವನು ಆಕ್ಷೇಪಿಸಿದಾಗ ತಂದೆಯು ಆ ತೆರಿಗೆಯಿಂದ ಬಂದ ಮೊದಲ ಹಣವನ್ನು ಮಗನ ಮೂಗಿನ ಬಳಿ ಹಿಡಿದು, ಇದಕ್ಕೆ ವಾಸನೆಯಿದೆಯೇ ಎಂದು ಕೇಳಿದನಂತೆ. ಇಲ್ಲವೆಂದು ಮಗ ಒಪ್ಪಿಕೊಂಡನು. ಬಂದ ದಾರಿ ಯಾವುದಾದರೇನು, ಹಣ ಹಣವೇ ಎಂಬುದು ಅರಸನ ತೀರ್ಮಾನ.

ಈ ತೀರ್ಮಾನ ಸರಿಯೆ? ಒಂದು ವಸ್ತುವು ನಮ್ಮ ಕೈಗೆ ಬಂದ ದಾರಿಯು ಆ ವಸ್ತುವಿಗೆ ಅಂಟಿಕೊಂಡಿರುತ್ತದೆಯೆ, ಇಲ್ಲವೆ? ಈ ಹಳೆಯ ಪ್ರಶ್ನೆಯನ್ನು ರೋಮನ್ ನಾಣ್ಯಗಳನ್ನೇ ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ. ಇತ್ತೀಚೆಗೆ ನಮ್ಮ ಸಂಘದ ಕೆಲವು ತರುಣ ಮಿತ್ರರು ಪ್ರಾಚೀನ ನಾಣ್ಯ ಸಂಗ್ರಹದಲ್ಲಿ ಆಸಕ್ತಿ ತಳೆದಿದ್ದಾರೆ. ಇತಿಹಾಸ ಪಾಠ ಹೇಳಿದವರೆಂಬ ಕಾರಣಕ್ಕೆ ನಮ್ಮಲ್ಲಿ ಸಲಹೆ ಕೇಳುತ್ತಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದು. ಆ ಉತ್ಸಾಹಕ್ಕೆ ಒಂದು ವಿವೇಕವೂ ಜೊತೆಯಾಗಲೆಂದು ಈ ನಾಲ್ಕು ಮಾತು.

ರೋಮನ್ ನಾಣ್ಯವೆಂದರೆ ಅರಮನೆಯವರ, ಕೋಟ್ಯಧೀಶರ ಹವ್ಯಾಸವೆಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ. ಚಿನ್ನದ ನಾಣ್ಯಗಳ ಮಾತು ಬೇರೆ. ಆದರೆ ನಾಲ್ಕನೆಯ ಶತಮಾನದ ಸಣ್ಣ ತಾಮ್ರಮಿಶ್ರ ನಾಣ್ಯಗಳು ಕೆಲವು ನೂರು ರೂಪಾಯಿಗಳಿಂದ ಒಂದೆರಡು ಸಾವಿರ ರೂಪಾಯಿಗಳೊಳಗೆ ದೊರೆಯುತ್ತವೆ. ಕಾನ್‌ಸ್ಟಂಟೈನ್ ಚಕ್ರವರ್ತಿ (306–337) ಮತ್ತು ಅವನ ಮಕ್ಕಳ ಕಾಲದಲ್ಲಿ ಸಾಮ್ರಾಜ್ಯದ ಉದ್ದಗಲಕ್ಕೂ ಹತ್ತಾರು ಟಂಕಸಾಲೆಗಳು ಇವನ್ನು ಎಡೆಬಿಡದೆ ಅಚ್ಚು ಹಾಕಿದವು. ಸೈನಿಕರ ಸಂಬಳಕ್ಕೂ ಸಂತೆಯ ವ್ಯವಹಾರಕ್ಕೂ ಇವೇ ಬೇಕಾಗಿದ್ದವು. ಬ್ಯಾಂಕುಗಳಿಲ್ಲದ ಆ ಕಾಲದಲ್ಲಿ ಜನ ಇವನ್ನು ಕುಡಿಕೆಗಳಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟರು. ಹೂತಿಟ್ಟವರಲ್ಲಿ ಅನೇಕರು ಮರಳಿ ಬರಲಿಲ್ಲ. ಅವರ ದುರದೃಷ್ಟವೇ ಇಂದಿನ ಸಂಗ್ರಾಹಕರ ಭಾಗ್ಯವಾಗಿದೆ.

ಹೊಸಬನಿಗೆ ಈ ಪುಟ್ಟ ನಾಣ್ಯಗಳು ಒಳ್ಳೆಯ ಪಾಠಶಾಲೆ. ಅಗಲ ನಮ್ಮ ಕಿರುಬೆರಳಿನ ಉಗುರಿಗಿಂತ ತುಸು ಹೆಚ್ಚು. ತೂಕ ಎರಡು ಗ್ರಾಮಿನ ಆಸುಪಾಸು. ಮುಮ್ಮುಖದಲ್ಲಿ ಅರಸನ ಮುಖ, ಸುತ್ತಲೂ ಅವನ ಹೆಸರು ಮತ್ತು ಬಿರುದುಗಳು. ಹಿಮ್ಮುಖದಲ್ಲಿ ಒಂದು ಚಿತ್ರ, ಅದರ ಕೆಳಗೆ ಗೆರೆ, ಗೆರೆಯ ಅಡಿಯಲ್ಲಿ ಟಂಕಸಾಲೆಯ ಸಂಕೇತಾಕ್ಷರಗಳು. ಅವನ್ನು ಓದಲು ಕಲಿತರೆ ಇದು ಅಂತಿಯೋಕಿನದು, ಇದು ಅಲೆಕ್ಸಾಂಡ್ರಿಯದ್ದು, ಇದು ಟ್ರಿಯರಿನದು ಎಂದು ಹೇಳಬಹುದು. ಕ್ರಿ.ಶ. 330 ರಲ್ಲಿ ಕಾನ್‌ಸ್ಟಾಂಟಿನೋಪಲ್ ಹೊಸ ರಾಜಧಾನಿಯಾದಾಗ ಹಳೆಯ ರೋಮಿನ ಗೌರವಕ್ಕೊಂದು, ಹೊಸ ನಗರದ ಗೌರವಕ್ಕೊಂದು ನಾಣ್ಯ ಹೊರಟಿತು. ರೋಮಿನ ನಾಣ್ಯದಲ್ಲಿ ಅವಳಿ ಶಿಶುಗಳಿಗೆ ಹಾಲೂಡುವ ಹೆಣ್ಣುತೋಳ. ಹೊಸ ನಗರದ ನಾಣ್ಯದಲ್ಲಿ ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆ. ಇನ್ನೊಂದು ಬಗೆಯಲ್ಲಿ ಸೇನೆಯ ಕೀರ್ತಿಯನ್ನು ಸಾರುವ ಬರಹದೊಡನೆ ಇಬ್ಬರು ಯೋಧರೂ ಅವರ ನಡುವೆ ಎರಡು ಧ್ವಜಗಳೂ ಇವೆ. ಕೆಲವು ವರ್ಷಗಳ ತರುವಾಯ ಅದೇ ನಾಣ್ಯದ ತೂಕ ಇಳಿಯಿತು; ಧ್ವಜಗಳು ಎರಡು ಇದ್ದದ್ದು ಒಂದಾಯಿತು. ಬೆಲೆಯೇರಿಕೆ ಎಂದರೇನೆಂಬುದನ್ನು ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ಈ ಒಂದು ಧ್ವಜ ಕಲಿಸುತ್ತದೆ. 348 ರ ಸುಮಾರಿಗೆ ಬಂದ ಮತ್ತೊಂದು ನಾಣ್ಯವು, ಒಳ್ಳೆಯ ಕಾಲ ಮರಳಿತೆಂದು ಸಾರುತ್ತ, ಕುದುರೆಯಿಂದುರುಳಿದ ಶತ್ರುವನ್ನು ಈಟಿಯಿಂದ ತಿವಿಯುವ ಯೋಧನನ್ನು ತೋರಿಸುತ್ತದೆ. ಆಳುವವರು ಒಳ್ಳೆಯ ಕಾಲವನ್ನು ಘೋಷಿಸುವ ರೀತಿ ಹದಿನಾರು ಶತಮಾನಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಇಷ್ಟೆಲ್ಲ ವಿದ್ಯೆಯನ್ನು ಅಂಗೈಯಲ್ಲಿಟ್ಟುಕೊಡುವ ವಸ್ತುವು ಅಗ್ಗವಾಗಿ ಸಿಗುವುದಾದರೆ ಕೊಳ್ಳುವುದರಲ್ಲಿ ತಪ್ಪೇನು? ವಿಚಾರ ತೊಡಗುವುದೇ ಇಲ್ಲಿಂದ. ಅಗ್ಗವೆಂಬ ಮಾತಿಗೆ ಎರಡು ಕಾರಣಗಳುಂಟು. ಹೇರಳವಾಗಿ ಹುಟ್ಟಿದ್ದರಿಂದ ಅಗ್ಗವಾದದ್ದು ಒಂದು. ಇದರಲ್ಲಿ ಯಾರಿಗೂ ನಷ್ಟವಿಲ್ಲ. ವಸ್ತುವಿನಿಂದ ಬೆಲೆಯುಳ್ಳದ್ದೊಂದನ್ನು ಯಾರೋ ಮೊದಲೇ ಕಿತ್ತುಹಾಕಿದ್ದರಿಂದ ಅಗ್ಗವಾದದ್ದು ಇನ್ನೊಂದು. ಆ ಕಿತ್ತುಹಾಕಿದ್ದು ಯಾವುದೆಂದರೆ, ನಾಣ್ಯದ ವಿಳಾಸ.

ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದವರಿಗೆ ಈ ಮಾತು ಬೇಗ ತಿಳಿದೀತು. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ಊರು, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ ಎಂದು ಅಲ್ಲಿ ಅಂಕಣಗಳಿರುತ್ತವೆ. ಆ ಅಂಕಣಗಳು ಬರಿದಾಗಿದ್ದರೂ ಮಗು ಎದುರಿಗೆ ನಿಂತೇ ಇರುತ್ತದೆ. ಆದರೆ ಅದು ಯಾರ ಮಗು, ಎಲ್ಲಿಂದ ಬಂತು, ಯಾರ ಜೊತೆಯಲ್ಲಿತ್ತು ಎಂಬುದಕ್ಕೆ ಉತ್ತರವಿರುವುದಿಲ್ಲ. ನೆಲದಿಂದ ಬಂದ ನಾಣ್ಯವೂ ಹಾಗೆಯೇ. ಯಾವ ಹೊಲ, ಎಷ್ಟು ಆಳ, ಯಾವ ಸ್ತರ, ಜೊತೆಯಲ್ಲಿ ಯಾವ ಮಡಕೆ, ಎಷ್ಟು ನಾಣ್ಯ, ಇವೆಲ್ಲ ಅದರ ದಾಖಲಾತಿ.

ಇದರ ಬೆಲೆಯೇನೆಂಬುದಕ್ಕೆ ಕನ್ನಡ ನಾಡಿನ ಇತಿಹಾಸದಲ್ಲೇ ಸಾಕ್ಷಿಯಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947 ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೊಂದು ದೊರೆಯಿತು. ತಿಬೇರಿಯಸ್ ಆಳಿದ್ದು ಕ್ರಿ.ಶ. 14 ರಿಂದ 37 ರವರೆಗೆ. ಶಾತವಾಹನರ ಕಾಲದ ನಾಣ್ಯಗಳೂ ಮಡಕೆಯ ಚೂರುಗಳೂ ಅಲ್ಲಿಯ ಸ್ತರಗಳಲ್ಲಿದ್ದವು. ಕಾಲ ತಿಳಿಯದ ಮಡಕೆಗಳಿಗೆ ಕಾಲ ತಿಳಿದ ನಾಣ್ಯವು ಸಾಕ್ಷಿ ಹೇಳಿತು. ಅದರ ಬೆಂಬಲದಿಂದ ದಕ್ಷಿಣ ಭಾರತದ ಪ್ರಾಚೀನ ನೆಲೆಗಳ ಕಾಲಗಣನೆಗೆ ಒಂದು ಆಧಾರ ಸಿಕ್ಕಿತು. ಅದೇ ನಾಣ್ಯವನ್ನು ಯಾರೋ ಒಬ್ಬರು ಹಿಂದಿನ ದಿನ ಅಗೆದು ಕಿಸೆಗೆ ಹಾಕಿಕೊಂಡು ಹೋಗಿದ್ದರೆ ಬೆಳ್ಳಿಯ ತೂಕದಲ್ಲಿ ಒಂದು ಗುಂಜಿಯೂ ಕಡಿಮೆಯಾಗುತ್ತಿರಲಿಲ್ಲ. ಅದು ಹೇಳಬೇಕಾಗಿದ್ದ ಸಾಕ್ಷಿ ಮಾತ್ರ ಸಂಪೂರ್ಣವಾಗಿ ಹೋಗುತ್ತಿತ್ತು.

ಪುದುಕ್ಕೋಟೆಯಲ್ಲಿ 1898 ರಲ್ಲಿ 501 ರೋಮನ್ ಚಿನ್ನದ ನಾಣ್ಯಗಳು ಒಂದೆಡೆ ಸಿಕ್ಕವು. ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಅಡ್ಡಗೆರೆ ಹೊಡೆದಿದೆ. ಒಂದೇ ಒಂದು ನಾಣ್ಯ ಸಿಕ್ಕಿದ್ದರೆ ಯಾರೋ ಹುಡುಗರ ಕಿಡಿಗೇಡಿತನವೆಂದು ಬಿಡಬಹುದಿತ್ತು. ನೂರಾರು ಒಟ್ಟಿಗೆ ಸಿಕ್ಕು, ಒಟ್ಟಿಗೆ ಅಧ್ಯಯನವಾದುದರಿಂದ, ಇದು ಉದ್ದೇಶಪೂರ್ವಕವಾಗಿ, ಬಹುಶಃ ಅವನ್ನು ಚಲಾವಣೆಯಿಂದ ತೆಗೆಯಲು ಮಾಡಿದ ಕೆಲಸವೆಂದು ವಿದ್ವಾಂಸರು ತರ್ಕಿಸಲು ಸಾಧ್ಯವಾಯಿತು.

ಇನ್ನೊಂದು ನಿದರ್ಶನ ಇಂಗ್ಲೆಂಡಿನದು. 2010 ರ ಏಪ್ರಿಲ್‌ನಲ್ಲಿ ಸಾಮರ್ಸೆಟ್ ಸೀಮೆಯ ಫ್ರೋಮ್ ಎಂಬಲ್ಲಿ ಡೇವ್ ಕ್ರಿಸ್ಪ್ ಎಂಬವರು ಲೋಹಶೋಧಕ ಯಂತ್ರ ಹಿಡಿದು ಹೊಲದಲ್ಲಿ ಹುಡುಕುತ್ತಿದ್ದರು. ವೃತ್ತಿಯಿಂದ ಆಸ್ಪತ್ರೆಯ ಅಡುಗೆಯವರು. ಮಣ್ಣಿನಲ್ಲಿ ಮಡಕೆಯ ಬಾಯಿ ಕಂಡೊಡನೆ ಅವರು ಅಗೆಯುವುದನ್ನು ನಿಲ್ಲಿಸಿದರು. ಗುಂಡಿಯನ್ನು ಮುಚ್ಚಿ ಪುರಾತತ್ವದವರಿಗೆ ತಿಳಿಸಿದರು. ತಜ್ಞರು ಬಂದು ಪದರ ಪದರವಾಗಿ ಬಿಡಿಸಿದಾಗ ಆ ಒಂದೇ ಮಡಕೆಯಲ್ಲಿ 52,503 ನಾಣ್ಯಗಳಿದ್ದವು. ಅವುಗಳಲ್ಲಿ ಕೊನೆಯ ಕಾಲದವು ಕರೌಸಿಯಸ್ ಎಂಬ ದೊರೆಯವು. ವರ್ಷವರ್ಷವೂ ಉಳಿತಾಯ ಮಾಡುತ್ತ ಮಡಕೆ ತುಂಬಿದ್ದರೆ ಅವು ಮೇಲ್ಭಾಗದಲ್ಲಿರಬೇಕಿತ್ತು. ಅವುಗಳಲ್ಲಿ ಬಹುಪಾಲು ಮಡಕೆಯ ಕೆಳಗಿನ ಅರ್ಧದಲ್ಲಿದ್ದವು. ಹಾಗಾದರೆ ಇಡೀ ರಾಶಿಯನ್ನು ಒಂದೇ ಸಲಕ್ಕೆ ಸುರಿದಿರಬೇಕು. ಇದು ಕೃಪಣನೊಬ್ಬನ ಉಳಿತಾಯವಲ್ಲ, ಸಮುದಾಯವೊಂದರ ಹರಕೆಯೂ ಆಗಿರಬಹುದೆಂದು ತಜ್ಞರು ಊಹಿಸಿದರು. ಕ್ರಿಸ್ಪ್ ಅವರು ಆಸೆಗೊಳಗಾಗಿ ಕೈಹಾಕಿ ಬಾಚಿದ್ದರೆ ಈ ಪ್ರಶ್ನೆ ಕೂಡ ಹುಟ್ಟುತ್ತಿರಲಿಲ್ಲ. ಆ ದೇಶದ ಕಾನೂನಿನಂತೆ ನಿಧಿಗೆ 3,20,250 ಪೌಂಡ್ ಬೆಲೆ ಕಟ್ಟಿ, ಶೋಧಕರಿಗೂ ಹೊಲದ ಒಡೆಯರಿಗೂ ಹಂಚಲಾಯಿತು. ನಾಣ್ಯಗಳು ಸಾಮರ್ಸೆಟ್ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಸತ್ಯವನ್ನು ಕಾಪಾಡಿದವನಿಗೆ ನಷ್ಟವಾಗದಂತೆ ನೋಡಿಕೊಳ್ಳುವ ವ್ಯವಸ್ಥೆ ಮೆಚ್ಚತಕ್ಕದ್ದು.

ಎಲ್ಲೆಡೆಯೂ ಹೀಗಾಗುವುದಿಲ್ಲ. ಬಲ್ಗೇರಿಯ ದೇಶದಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿ ರಾಟಿಯಾರಿಯ ಎಂಬ ರೋಮನ್ ನಗರವಿತ್ತು. 1990 ರ ನಂತರ, ಆಡಳಿತ ಸಡಿಲಗೊಂಡ ಕಾಲದಲ್ಲಿ, ನಿಧಿಗಳ್ಳರು ಆ ನೆಲೆಯನ್ನು ಮಣ್ಣು ತೋಡುವ ಭಾರಿ ಯಂತ್ರಗಳಿಂದ ಬಗೆದುಹಾಕಿದರು. ಗೋಡೆ, ಗೋರಿ, ನೆಲಗಟ್ಟು ಯಾವುದನ್ನೂ ಲೆಕ್ಕಿಸಲಿಲ್ಲ. ಇಂತಹ ನೆಲೆಗಳಿಂದ ಹೊರಟ ಮಣ್ಣು ಮೆತ್ತಿದ ನಾಣ್ಯಗಳು ಕೈಯಿಂದ ಕೈಗೆ ದಾಟಿ, ದೇಶದಿಂದ ದೇಶಕ್ಕೆ ಹೋಗಿ, ತೂಕಕ್ಕೆ ಇಷ್ಟು ಹಣವೆಂದು ಬಿಕರಿಯಾಗುತ್ತವೆ. ಹೊಸಬರಿಗೆ ಮೊದಲು ಎದುರಾಗುವುದು ಇಂತಹ ರಾಶಿಗಳೇ. ಕೊಳ್ಳುವವನು ಕಳ್ಳನಲ್ಲ, ಸಾಧು ಮನುಷ್ಯ, ಇತಿಹಾಸಪ್ರೇಮಿ. ಆದರೂ ಅವನು ಕೊಟ್ಟ ನೂರು ರೂಪಾಯಿಯ ಒಂದು ಪಾಲು ಮುಂದಿನ ಗುಂಡಿಯನ್ನು ತೋಡುವ ಕೂಲಿಯಾಗುತ್ತದೆ. ವೆಸ್ಪಾಸಿಯನ್ನನ ಮೂಗಿಗೆ ಬಾರದ ವಾಸನೆ ಇದು.

ಈ ವಾದಕ್ಕೆ ಆಕ್ಷೇಪಗಳಿವೆ. ಅವನ್ನು ಗೌರವದಿಂದಲೇ ಕೇಳಬೇಕು. ಮೊದಲನೆಯದು, ಇಂತಹ ನಾಣ್ಯಗಳು ಲಕ್ಷೋಪಲಕ್ಷ ಇವೆ; ವಸ್ತುಸಂಗ್ರಹಾಲಯಗಳ ಉಗ್ರಾಣಗಳಲ್ಲಿ ಜಾಗವಿಲ್ಲ; ಪ್ರೀತಿಯಿಂದ ನೋಡಿಕೊಳ್ಳುವವನ ಮನೆಯಲ್ಲಿದ್ದರೇನು ಎಂಬುದು. ಇದರಲ್ಲಿ ಹುರುಳಿದೆ. ಒಂದು ನಾಣ್ಯ ಖಾಸಗಿಯವರ ಪೆಟ್ಟಿಗೆಯಲ್ಲಿರುವುದು ನಮ್ಮ ಚಿಂತೆಯಲ್ಲ. ಅಲ್ಲಿಗೆ ಬರುವ ದಾರಿಯಲ್ಲಿ ಅದರ ವಿಳಾಸ ಅಳಿಸಿಹೋಯಿತೇ ಎಂಬುದು ಚಿಂತೆ. ವಸ್ತುವನ್ನು ಎಷ್ಟು ಪ್ರೀತಿಸಿದರೂ ಅಳಿದ ವಿಳಾಸ ಮರಳುವುದಿಲ್ಲ.

ಎರಡನೆಯದು, ಅಗೆದವನು ಬಡವ, ಹೊಟ್ಟೆಪಾಡಿಗಾಗಿ ಮಾಡಿದ್ದಾನೆ ಎಂಬುದು. ಬಡತನದ ನೋವನ್ನು ಹಳ್ಳಿಯ ಶಾಲೆಗಳಲ್ಲಿ ಬದುಕು ಸವೆಸಿದ ನಾವು ಅರಿಯದವರಲ್ಲ. ಆದರೆ ಈ ವ್ಯಾಪಾರದಲ್ಲಿ ಅಗೆದವನಿಗೆ ಸಿಗುವುದು ಕಿಂಚಿತ್ತು, ನಡುವಿನವರಿಗೆ ಸಿಗುವುದೇ ಬಹಳ. ಅಲ್ಲದೆ ಅವನು ಮಾರುತ್ತಿರುವುದು ತನ್ನ ಊರಿನವರೆಲ್ಲರ ಚರಿತ್ರೆಯನ್ನು. ಬೀಜದ ಕಾಳನ್ನು ಮಾರಿ ಒಂದು ಹೊತ್ತು ಉಂಡಂತೆ ಅದು.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಹಾನಿ ಆಗಿಹೋಗಿದೆ, ನಾನು ಕೊಳ್ಳದಿದ್ದರೂ ಆ ಹೊಲ ಮತ್ತೆ ಮೊದಲಿನಂತಾಗದು, ಹಾಗಾದರೆ ನನ್ನ ಸಂಯಮದಿಂದ ಏನು ಪ್ರಯೋಜನ? ಈ ಮಾತನ್ನು ಒಬ್ಬನೇ ಹೇಳಿದರೆ ನಿಜವೆನಿಸುತ್ತದೆ. ಸಾವಿರ ಜನ ಹೇಳಿದಾಗ ಸಂತೆಯಾಗುತ್ತದೆ. ನಮ್ಮ ಹಿರಿಯರು ಅಸ್ತೇಯ, ಅಪರಿಗ್ರಹ ಎಂಬ ಎರಡು ವ್ರತಗಳನ್ನು ಬೇರೆ ಬೇರೆಯಾಗಿ ಹೇಳಿದ್ದು ಸುಮ್ಮನಲ್ಲ. ಕದಿಯದಿರುವುದು ಒಂದು ಧರ್ಮ. ಕದಿಯದಿದ್ದರೂ ಬೇಕಾದದ್ದಕ್ಕಿಂತ ಹೆಚ್ಚನ್ನು ಬಾಚಿಕೊಳ್ಳದಿರುವುದು ಇನ್ನೊಂದು ಧರ್ಮ. ಸಂಗ್ರಾಹಕನು ಮೊದಲನೆಯದನ್ನು ಸುಲಭವಾಗಿ ಪಾಲಿಸುತ್ತಾನೆ. ಅವನ ಪರೀಕ್ಷೆ ನಡೆಯುವುದು ಎರಡನೆಯದರಲ್ಲಿ.

ಹಾಗೆಂದು ಸಂಗ್ರಹವೇ ಪಾಪವೆಂದು ನಾವು ಹೇಳುವುದಿಲ್ಲ. ಹೇಗೆ ಸಂಗ್ರಹಿಸಬೇಕೆಂಬುದಕ್ಕೆ ನಮ್ಮ ಸೊಲ್ಲಾಪುರದ ಸಮೀಪದಲ್ಲೇ ಒಂದು ಮೇಲ್ಪಂಕ್ತಿಯಿದೆ. ಧಾರಾಶಿವ ಜಿಲ್ಲೆಯ ತೇರ್ ಗ್ರಾಮವು ಪ್ರಾಚೀನ ತಗರ ನಗರ. ಮೊದಲ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕ ಕೈಪಿಡಿಯು, ತಗರದಿಂದ ಬಟ್ಟೆಬರೆಗಳು ಬಂಡಿಗಳಲ್ಲಿ ಭರೂಚ್ ಬಂದರಿಗೆ ಹೋಗುತ್ತಿದ್ದುವೆಂದು ಹೇಳುತ್ತದೆ. ರೋಮನ್ ನಾಣ್ಯಗಳ ಅಚ್ಚನ್ನು ಹೋಲುವ ಮಣ್ಣಿನ ಪದಕಗಳು ತೇರಿನಲ್ಲೂ ತೆಲಂಗಾಣದ ಕೊಂಡಾಪುರದಲ್ಲೂ ದೊರೆತಿವೆ. ಇಂದು ನಮ್ಮ ಹೆಣ್ಣುಮಕ್ಕಳು ಪುತಳಿ ಸರ ಧರಿಸುವಂತೆ ಅಂದಿನವರು ಪರದೇಶದ ನಾಣ್ಯದ ಅಂದವನ್ನು ಕೊರಳಿಗೇರಿಸಿದ್ದರು. ಇಂತಹ ತೇರಿನಲ್ಲಿ ರಾಮಲಿಂಗಪ್ಪ ಲಾಮತುರೆ ಎಂಬ ಮಹನೀಯರು ತಮ್ಮ ಊರಿನ ನೆಲದಲ್ಲಿ ಸಿಕ್ಕ ಮಣಿ, ಮಡಕೆ, ಗೊಂಬೆ, ನಾಣ್ಯ ಮೊದಲಾದ ಸಾವಿರಾರು ವಸ್ತುಗಳನ್ನು ಕೂಡಿಟ್ಟರು. ಅವು ಊರು ಬಿಟ್ಟು ಹೋಗಲಿಲ್ಲ. ಅವರ ಸಂಗ್ರಹವೇ ಇಂದು ಅವರ ಹೆಸರಿನಲ್ಲಿ ತೇರಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದ ಮೂಲ. ದಂತದಲ್ಲಿ ಕಡೆದ ಸ್ತ್ರೀವಿಗ್ರಹವೊಂದು ಅಲ್ಲಿದೆ. ಇಟಲಿಯ ಪಾಂಪೆ ನಗರದ ಅವಶೇಷಗಳಲ್ಲಿ ಸಿಕ್ಕ ಭಾರತೀಯ ದಂತವಿಗ್ರಹದೊಡನೆ ಅದನ್ನು ಹೋಲಿಸಿ ವಿದ್ವಾಂಸರು ಚರ್ಚಿಸಿದ್ದಾರೆ. ಆ ಚರ್ಚೆ ಸಾಧ್ಯವಾದದ್ದು ಅದು ತೇರಿನದೆಂದು ನಮಗೆ ತಿಳಿದಿರುವುದರಿಂದ. ಇದೂ ಸಂಗ್ರಹವೇ; ಆದರೆ ಊರಿನಿಂದ ಪಡೆದದ್ದನ್ನು ಊರಿಗೇ ಒಪ್ಪಿಸಿದ ಸಂಗ್ರಹ. ದಾಸೋಹವೆಂಬ ಮಾತಿಗೆ ಅನ್ನದಾಚೆಗೂ ಅರ್ಥವುಂಟೆಂಬುದಕ್ಕೆ ಇದು ದೃಷ್ಟಾಂತ.

ಈ ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸದಾಗಿ ನಾಣ್ಯ ಕೂಡಿಸಬಯಸುವ ತರುಣರಿಗೆ ನಮ್ಮ ಸಲಹೆ ಇಷ್ಟು. ಮೊದಲು ಪುಸ್ತಕ ಕೊಳ್ಳಿರಿ, ಆಮೇಲೆ ನಾಣ್ಯ. ಮಾರುವವನನ್ನು ಬೆಲೆ ಕೇಳುವ ಮುನ್ನ, ಇದು ಎಲ್ಲಿಂದ ಬಂತು, ಯಾರ ಸಂಗ್ರಹದಲ್ಲಿತ್ತು, ಕಾಗದವಿದೆಯೆ ಎಂದು ಕೇಳಿರಿ. ಹಳೆಯ ಸಂಗ್ರಹದ ಚೀಟಿಯಿರುವ ನಾಣ್ಯ, ಇಲ್ಲವೆ ಇಂಗ್ಲೆಂಡಿನಲ್ಲಿರುವಂತೆ ಸಿಕ್ಕ ಸ್ಥಳವನ್ನು ಅಧಿಕೃತವಾಗಿ ದಾಖಲಿಸಿ ಒಡೆಯನಿಗೆ ಹಿಂದಿರುಗಿಸಿದ ನಾಣ್ಯ ತುಸು ದುಬಾರಿಯಾದರೂ ಅದನ್ನೇ ಆರಿಸಿರಿ. ಹತ್ತು ಅನಾಥ ನಾಣ್ಯಗಳಿಗಿಂತ ವಿಳಾಸವಿರುವ ಒಂದು ನಾಣ್ಯ ಮೇಲು. ಕೇಳಿದ ಪ್ರಶ್ನೆಗೆ ನಗೆಯೊಂದೇ ಉತ್ತರವಾದರೆ ನಮಸ್ಕಾರ ಹೇಳಿ ಎದ್ದು ಬನ್ನಿರಿ. ಇದರಿಂದ ಲೌಕಿಕ ಲಾಭವೂ ಉಂಟು: ಖೋಟಾ ನಾಣ್ಯಗಳಿಗೆ ಹಿಂದಿನ ಚರಿತ್ರೆಯಿರುವುದು ಅಪರೂಪ.

ಕೊಂಡ ನಾಣ್ಯವನ್ನು ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತಿಕ್ಕಬೇಡಿರಿ. ಶತಮಾನಗಳು ಕಟ್ಟಿದ ಗಟ್ಟಿ ಪೊರೆಯೇ ಅದರ ಅಕ್ಷರಗಳನ್ನು ಕಾಪಾಡಿರುತ್ತದೆ. ಹುಳಿ ತಗುಲಿದರೆ ಪೊರೆಯೊಡನೆ ಅಕ್ಷರವೂ ಹೋಗುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಕಂಡರೆ ಮಾತ್ರ ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ಬಲ್ಲವರಿಗೆ ತೋರಿಸಿರಿ. ಪ್ರತಿಯೊಂದು ನಾಣ್ಯಕ್ಕೂ ಒಂದು ಚೀಟಿ ಬರೆದಿಡಿರಿ.

ಕಾನೂನನ್ನೂ ತಿಳಿದಿರಬೇಕು. 1878 ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. 1972 ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯವು ಪುರಾತನ ವಸ್ತುವೆನಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891 ರಲ್ಲಿ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳ ಸುದ್ದಿ ಇಂದಿಗೂ ನಮಗೆ ತಿಳಿದಿರುವುದು, ಸಿಕ್ಕದ್ದು ಸಿಕ್ಕ ಕಡೆಯಲ್ಲೇ ದಾಖಲಾದುದರಿಂದ.

ಕೊನೆಯದಾಗಿ ಒಂದು ಮಾತು, ನಾಣ್ಯ ಕೂಡಿಸದವರಿಗೂ ಸೇರಿದ್ದು. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ನಮ್ಮ ಸೊಲ್ಲಾಪುರ ಜಿಲ್ಲೆಯ ಹಲವು ಊರುಗಳಲ್ಲಿವೆ. ದೇಗುಲದ ಅಂಗಳದಲ್ಲಿ, ಹೊಲದ ಬದುವಿನಲ್ಲಿ, ಕೆಲವೆಡೆ ಬಟ್ಟೆ ಒಗೆಯುವ ಕಲ್ಲಾಗಿಯೂ ಇಂತಹ ಕಲ್ಲುಗಳು ಇರುವುದುಂಟು. ಅವು ಇದ್ದಲ್ಲಿಯೇ ಇರುವುದರಿಂದ ಈ ನೆಲದಲ್ಲಿ ಕನ್ನಡ ಎಷ್ಟು ಹಳೆಯದೆಂದು ಯಾರೂ ವಾದಿಸದೆಯೇ ತಿಳಿಯುತ್ತದೆ. ಅಂತಹ ಕಲ್ಲೊಂದನ್ನು ಯಾರಾದರೂ ಅಭಿಮಾನದಿಂದಲೇ ತಮ್ಮ ಬಂಗಲೆಯ ತೋಟಕ್ಕೆ ಸಾಗಿಸಿದರೂ, ಅಕ್ಷರ ಉಳಿಯುತ್ತದೆ, ಸಾಕ್ಷಿ ಅಳಿಯುತ್ತದೆ. ಡ್ಯಾನ್ಯೂಬ್ ದಡದ ಹಳ್ಳಿಯವರು ಕಳೆದುಕೊಂಡದ್ದು ಏನೆಂಬುದು ಗಡಿನಾಡಿನ ನಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹವಿದು. ತಮ್ಮ ಮನೆಯ ಪೆಟ್ಟಿಗೆಗಳಲ್ಲಿ ಅಜ್ಜಿಯ ಕಾಲದ ನಾಣ್ಯ, ತಾಮ್ರದ ಪಟ, ಓಲೆಯ ಕಟ್ಟು, ಹಳೆಯ ಬಹಿ ಏನೇ ಇದ್ದರೂ, ಅದು ಯಾರದು, ಯಾವ ಊರಿನಿಂದ ಬಂತು, ಯಾರು ಕೊಟ್ಟರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಜೊತೆಗಿಡಿರಿ. ಹೊಲದಲ್ಲಿ ಬರಹದ ಕಲ್ಲು ಕಂಡರೆ ಅಲುಗಿಸದೆ ಬಲ್ಲವರಿಗೆ ತಿಳಿಸಿರಿ. ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು. ಸಮ್ಮೇಳನ ಮುಗಿಸಿ ಊರಿಗೆ ಮರಳಿದ ವಾರದಲ್ಲೇ ಒಂದೊಂದು ಮನೆಯವರು ಒಂದೊಂದು ಚೀಟಿ ಬರೆದರೂ ಈ ಲೇಖನ ಬರೆದ ಶ್ರಮ ಸಾರ್ಥಕ.